ಸೈಕಲ್ಲಿನ ಮೇಲೆ ಕಾರಿನ ಹೊಟ್ಟೆಯುರಿ

ಹೊಟ್ಟೆಕಿಚ್ಚು ಹತ್ತಿಕೊಳ್ಳಲು ಪೆಟ್ರೋಲೂ ಬೇಕಿಲ್ಲ ನೋಡಿ. ನಗರಜೀವನದಲ್ಲಿ ಸೈಕಲ್ಲಿನ ಸ್ಥಾನವೇನು ಎಂದು ಸಂಶೋಧನೆ ಮಾಡುತ್ತಿದ್ದ ಪ್ರೊಫೆಸರ್ ವಾಮದೇವಪ್ಪನವರು ದಿನವೂ ಕಾಲೇಜಿಗೆ ಹೋಗುತ್ತಿದ್ದದ್ದು ಮಾತ್ರ ಕಾರಿನಲ್ಲಿ. ಅವರ ಸೈಕಲ್ಲು ಶೆಡ್ಡಿನ ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತಿತ್ತು.

“ಎಲೈ ಸೈಕಲ್ಲೇ, ಅವರನ್ನು ಹೊತ್ತು ತಿರುಗುವವನು ನಾನು, ಪ್ರಬಂಧದ ತುಂಬ ಹೊಗಳಿಕೆ ನಿನಗೆ. ನನ್ನ ಹೆಸರು ಬರುವುದು ಹೊಗೆಯ ಅಧ್ಯಾಯದಲ್ಲಿ ಮಾತ್ರ,” ಎಂದಿತು ಕಾರು.

“ಹಾಗಾದರೆ ಹೊಗಳಿಕೆ ನೀನಿಟ್ಟುಕೋ ಅಣ್ಣ, ಯಜಮಾನರನ್ನು ನನಗೆ ಕೊಡು,” ಎಂದಿತು ಸೈಕಲ್ಲು.

ಕಾರಿಗೆ ಇನ್ನಷ್ಟು ಉರಿಯಿತು. ಪ್ರಬಂಧ ಮಂಡಿಸುವ ದಿನ, ಯಜಮಾನರ ಮಾನ ಹೋಗಲಿ ಎಂದು ಸ್ಟಾರ್ಟೇ ಆಗದೆ ಕೂತಿತು. ಪ್ರೊಫೆಸರರು ಬೇರೆ ದಾರಿ ಕಾಣದೆ ಸೈಕಲ್ಲಿಗೆ ಗಾಳಿ ಹೊಡೆದು, ಪ್ಯಾಂಟಿನ ಅಂಚು ಮಡಚಿ, ಹತ್ತಿ ಹೊರಟೇಬಿಟ್ಟರು.

ಸಂಜೆ ಸೈಕಲ್ಲು ಮರಳಿದಾಗ ಕಾರು ಕೇಳಿತು: “ಸಭೆಯಲ್ಲಿ ನಿನ್ನನ್ನು ಬಹಳ ಹೊಗಳಿದರೋ?”

“ನಾನು ಹೊರಗೆ ನಿಂತಿದ್ದೆ, ಕೇಳಿಸಲಿಲ್ಲ. ಆದರೆ ಬರುವಾಗ ದಾರಿಯುದ್ದಕ್ಕೂ ಹಾಡಿಕೊಂಡು ಬಂದರು. ನಿನ್ನಲ್ಲಿ ಕೂತಾಗಲೂ ಹಾಡುತ್ತಾರಲ್ಲವೇ ಅಣ್ಣ?”

ಕಾರಿನಲ್ಲಿ ಕೂತಾಗ ಅವರು ಮುಂದಿನ ಗಾಡಿಯವರನ್ನು ಬೈಯುತ್ತಿದ್ದರು, ಅಷ್ಟೇ. ಮರುದಿನ ಬೆಳಿಗ್ಗೆ ಅದು ಒಂದೇ ಸಲಕ್ಕೆ ಸ್ಟಾರ್ಟ್ ಆಗಲು ಸಿದ್ಧವಾಗಿ ಕಾದಿತ್ತು. ಪ್ರೊಫೆಸರರು ಅದರ ಕೀಲಿಕೈ ಮುಟ್ಟಲೇ ಇಲ್ಲ.