ಸಮುದ್ರಕ್ಕೆ ಬಿದ್ದ ಅಂಗನವಾಡಿಗಳು

೨೦೨೩ರ ಫೆಬ್ರವರಿ ೧೬, ಗುರುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಜಿಲ್ಲಾ ಸಾಂಖ್ಯಿಕ ಕಚೇರಿಯಲ್ಲಿ ನಾನು ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ಸ್ವಂತ ಸೂರಿಲ್ಲದ ನಲವತ್ತೊಂದು ಅಂಗನವಾಡಿಗಳ ನಕ್ಷೆ ಐದು ಗಂಟೆಯೊಳಗೆ ಬೆಂಗಳೂರಿಗೆ ತಲುಪದಿದ್ದರೆ ಅವುಗಳಿಗೆ ಈ ವರ್ಷವೂ ಕಟ್ಟಡವಿಲ್ಲ. ಅವುಗಳ ಪಟ್ಟಿಯಲ್ಲಿದ್ದ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಓದಿ ಪ್ರೋಗ್ರಾಮು ನಕ್ಷೆ ಬಿಡಿಸಿತು. ಚುಕ್ಕೆಗಳೆಲ್ಲವೂ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಬಿದ್ದಿದ್ದವು.

ನಮ್ಮ ಅಧಿಕಾರಿ ಹಾಲಭಾವಿಯವರು ಹೌಹಾರಿದರು. “ಏನ್ರೀ ಮೇಡಂ, ನಮ್ಮ ಕೂಸುಗಳು ಸಮುದ್ರದಾಗ ಕುಂತಾವಲ್ಲ!”

“ಹೌದ್ರಿ ಸರ್. ಸ್ವೆಟರಿಗೂ ಒಂದು ಪತ್ರ ಬರೀಬೇಕಾಗ್ತದ.”

“ಚೇಷ್ಟೆ ಸಾಕು. ಪಟ್ಟಿ ನಾನೇ ತಯಾರಿಸಿ ಸಹಿ ಮಾಡೀನಿ. ಒಂದು ಅಂಕಿ ಮುಟ್ಟಿದರೂ ಮೆಮೊ ಕೊಡ್ತೀನಿ. ನಕ್ಷೆ ಮಾತ್ರ ಸರಿ ಆಗಬೇಕು!”

“ಅಂಕಿ ಮುಟ್ಟೂದಿಲ್ರಿ. ಅಕ್ಷರ ಮುಟ್ಟಬಹುದೇನ್ರಿ?”

“ಅಕ್ಷರ ಏನರೆ ಮಾಡ್ಕೋರಿ!”

ಅಕ್ಷಾಂಶದ ಅಂಕಣಕ್ಕೆ ಅವರು ‘ರೇಖಾಂಶ’ ಎಂದೂ, ರೇಖಾಂಶದ ಅಂಕಣಕ್ಕೆ ‘ಅಕ್ಷಾಂಶ’ ಎಂದೂ ತಲೆಬರಹ ಕೊಟ್ಟಿದ್ದರು. ಅದನ್ನು ನಂಬಿದ ಪ್ರೋಗ್ರಾಮು ನಮ್ಮ ಎಪ್ಪತ್ತೈದರ ರೇಖಾಂಶವನ್ನು ಅಕ್ಷಾಂಶವೆಂದು ಓದಿ ಚುಕ್ಕೆಗಳನ್ನು ಉತ್ತರಕ್ಕೆ ಒಯ್ದಿತ್ತು. ನಾನು ಆ ಎರಡು ಪದಗಳನ್ನಷ್ಟೇ ಅದಲುಬದಲು ಮಾಡಿ ಪ್ರೋಗ್ರಾಮನ್ನು ಮತ್ತೆ ಓಡಿಸಿದೆ. ಚುಕ್ಕೆಗಳು ಸಮುದ್ರ ಬಿಟ್ಟು ನಮ್ಮ ಜಿಲ್ಲೆಗೆ ಬಂದು ಕುಳಿತವು.

“ನೋಡಿದ್ರೇನು? ನನ್ನ ಅಂಕಿ ಒಂದೂ ತಪ್ಪಿರಲಿಲ್ಲ!” ಎಂದು ಅವರು ಮೇಜು ಕುಟ್ಟಿದರು. ಆಮೇಲೆ ಪಟ್ಟಿಯತ್ತ ಬಾಗಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ದನಿ ತಗ್ಗಿತು. “ಆ ತಲೆಬರಹ ಬರೆದವರು ಯಾರ್ರಿ?”

“ಅಂಕಿ ಬರೆದವರೇ, ಸರ್.”

ಅವರು ಹೊಟ್ಟೆ ಹಿಡಿದು ನಕ್ಕರು. ನನಗೂ ಚಹಾ ತರಿಸಿದರು. ನಕ್ಷೆ ನಾಲ್ಕೂವರೆಗೇ ಹೋಯಿತು. ಮುಂದಿನ ಪಟ್ಟಿಗಳಲ್ಲಿ ಅಂಕಿಗಳನ್ನು ಅವರಿಗೇ ಬಿಟ್ಟು, ತಲೆಬರಹಗಳನ್ನು ನಾನೇ ಬರೆಯುವುದೆಂದು ತೀರ್ಮಾನಿಸಿದೆ.