ಏಕಾದಶಿಯ ಪಾಠ

"ಬಹುಪರಾಕ್ ಅಂದ ಕೂಡಲೇ ಕುದುರೆ ಮೊಣಕಾಲೂರಬೇಕು. ಕಲಿಯುವ ತನಕ ಹುಲ್ಲೂ ಇಲ್ಲ, ನೀರೂ ಇಲ್ಲ. ಹಸಿದರೆ ಬುದ್ಧಿ ಚುರುಕಾಗುತ್ತದೆ" ಎಂದು ಪಾಳೇಗಾರರ ಪ್ರಧಾನಿ ವೆಂಕಪ್ಪಯ್ಯ ಲಾಯದ ಹೆಂಗಸಿಗೆ ಅಪ್ಪಣೆ ಮಾಡಿದ.

ಎರಡು ದಿನವಾಯಿತು. ಹೊಸ ಪಾಠ ಹಾಗಿರಲಿ, ಕುದುರೆ ತನ್ನ ಹೆಸರು ಕೂಗಿದರೂ ತಿರುಗಲಿಲ್ಲ. ಅದರ ಕಣ್ಣೆಲ್ಲ ನೀರಿನ ತೊಟ್ಟಿಯ ಮೇಲೆ. ಇನ್ನೊಂದು ದಿನ ಹೀಗೇ ಬಿಟ್ಟರೆ ಸತ್ತೇ ಹೋಗುತ್ತದೆ ಎಂದು ಅವಳಿಗೆ ತಿಳಿಯಿತು.

ಅಂದು ಏಕಾದಶಿ. ವೆಂಕಪ್ಪಯ್ಯನದು ಹನಿ ನೀರೂ ಮುಟ್ಟದ ಉಪವಾಸ. ಅವಳು ಸಂಜೆಯವರೆಗೆ ಕಾದು, ಕುದುರೆಯನ್ನು ಪಾಳೇಗಾರರ ಮುಂದೆ ತಂದು ನಿಲ್ಲಿಸಿದಳು.

"ಬುದ್ಧಿ, ಪ್ರಧಾನಿಗಳು ಒಮ್ಮೆ ನಿಮ್ಮ ಬಿರುದು ಹೇಳಿ ಬಹುಪರಾಕ್ ಅನ್ನಲಿ. ಕುದುರೆ ಕೇಳಿ ಕಲೀತದೆ."

ಮೂವತ್ತು ವರ್ಷದಿಂದ ದಿನವೂ ಹೇಳಿದ ಬಿರುದು. ವೆಂಕಪ್ಪಯ್ಯ ಎದೆಯುಬ್ಬಿಸಿದ.

"ಅರಿಭಯಂಕರ, ರಣಧೀರ, ಪಾಯಸ..."

ವೆಂಕಪ್ಪಯ್ಯ ನಾಲಿಗೆ ಕಚ್ಚಿಕೊಂಡ.

"ಪಾಯಸ ಅಲ್ಲ, ಪರಾಕ್ರಮಶಾಲಿ, ಗಂಡರ ಗಂಡ, ಕಡುಬು... ಕಡುಗಲಿ..."

"ಒಂದು ದಿನದ ಹಸಿವಿಗೆ ಮೂವತ್ತು ವರ್ಷದ ಪಾಠ ಕಡುಬಾಯ್ತು ಬುದ್ಧಿ" ಎಂದಳು ಅವಳು. "ಈ ಮೂಕಪ್ರಾಣಿ ಎರಡು ದಿನ ಹಸಿದು ಹೊಸದು ಕಲೀಬೇಕಂತೆ."

ಪಾಳೇಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕುದುರೆಗೆ ಈಗಲೇ ನೀರಿಡು, ಹುರುಳಿ ಬೇಯಿಸು. ಒಂದು ಪಾಲು ಪ್ರಧಾನಿಗಳಿಗೂ ಎತ್ತಿಡು. ನಾಳೆ ದ್ವಾದಶಿ."