ಆಮೆ ಕುಡಿದು ನೋಡಿದ ನೀರು

ಕೆರೆಗೆ ಯಾವ ಹೊಸ ನೀರು ಬಂದರೂ ಮೊದಲು ಆಮೆ ಕುಡಿದು ನೋಡಬೇಕು, ಆಮೇಲೆ ಉಳಿದವರು ಇಳಿಯಬೇಕು. ಅದು ಅಲ್ಲಿನ ಪದ್ಧತಿ. ಕಾರ್ಖಾನೆಯ ಕೊಳವೆಯಿಂದ ಸಿಹಿ ವಾಸನೆಯ ನೀರು ಬಂದಾಗಲೂ ಆಮೆ ಏಳು ದಿನ ಕುಡಿದು, ಎಂಟನೆಯ ದಿನ ತಲೆ ಹೊರಗೆ ಹಾಕಿತು. “ನನಗೇನೂ ಆಗಿಲ್ಲ. ಇನ್ನು ಇಳಿಯಿರಿ.”

ಕಪ್ಪೆಗೆ ಅನುಮಾನ. “ಅಜ್ಜ, ನಿಮಗೆ ನೂರು ವರ್ಷ. ನನ್ನ ಮೊಟ್ಟೆಯೊಳಗಿನವಕ್ಕೆ ಇನ್ನೂ ಮಿದುಳೇ ಮೂಡಿರುವುದಿಲ್ಲ. ನೀವು ಕುಡಿದರೆ ಅವು ಕುಡಿದ ಹಾಗಾಯಿತೇ?”

“ಇಷ್ಟು ವರ್ಷವೂ ಹೀಗೇ ಪರೀಕ್ಷೆ ಮಾಡಿದ್ದೇನೆ,” ಎಂದಿತು ಆಮೆ.

ಹಿರಿಯರಿಗೆ ಎದುರಾಡಲಾಗದೆ ಕಪ್ಪೆ ಆ ನೀರಿನಲ್ಲೇ ಮೊಟ್ಟೆಯಿಟ್ಟಿತು. ಗೊದಮೊಟ್ಟೆಗಳು ಹೊರಬಂದವು. ದುಂಡಗಿದ್ದವು, ಬಾಲ ನೆಟ್ಟಗಿತ್ತು, ಒಂದೂ ಸಾಯಲಿಲ್ಲ.

ಒಂದು ಮಧ್ಯಾಹ್ನ ಕೊಕ್ಕರೆ ಬಂದು ನಿಂತಿತು. ಹಿಂದೆಲ್ಲ ಅದರ ನೆರಳು ಬಿದ್ದರೆ ಮರಿಗಳೆಲ್ಲ ಚದುರಿ ಕೆಸರು ಸೇರುತ್ತಿದ್ದವು. ಇವು ಚದುರಲಿಲ್ಲ. ಮೆಲ್ಲನೆ ನೆರಳಿನೊಳಕ್ಕೇ ಬಂದು, ಕೊಕ್ಕಿನ ಕೆಳಗೆ ಸುತ್ತತೊಡಗಿದವು, ಎಲ್ಲವೂ ಒಂದೇ ದಿಕ್ಕಿಗೆ. ಕಪ್ಪೆ ದಡದಿಂದ ಕೂಗಿತು. ಒಂದೂ ತಿರುಗಲಿಲ್ಲ.

ಕೊಕ್ಕರೆ ಎತ್ತಿದ ಕಾಲನ್ನು ಇಳಿಸಲಿಲ್ಲ. “ಕಪ್ಪೆಯವ್ವ, ನನ್ನನ್ನು ಕಂಡರೆ ಹೆದರಬೇಕೆಂದು ನಿನ್ನ ಮರಿಗಳಿಗೆ ಯಾರೂ ಕಲಿಸುವುದಿಲ್ಲ. ಆ ಹೆದರಿಕೆ ಅವುಗಳ ಜೊತೆಗೇ ಹುಟ್ಟುತ್ತದೆ. ಈ ಸಲ ಅದು ಹುಟ್ಟಿಲ್ಲ. ಇವನ್ನು ನಾನು ತಿನ್ನಲಾರೆ, ನನ್ನ ಹೊಟ್ಟೆಯಲ್ಲೂ ಮೊಟ್ಟೆಗಳಿವೆ.” ಹಾಗೆಂದು ಹಾರಿಹೋಯಿತು.

“ನೋಡಿದೆಯಾ,” ಎಂದಿತು ಆಮೆ, “ಕೊಕ್ಕರೆ ಕೂಡ ಮುಟ್ಟಲಿಲ್ಲ. ಮಕ್ಕಳಿಗೆ ಇಷ್ಟು ಒಳ್ಳೆಯ ನೀರನ್ನು ನಾನು ಕಂಡೇ ಇಲ್ಲ.”

ನೆರಳು ಸರಿದುಹೋದ ಜಾಗದಲ್ಲಿ ಮರಿಗಳು ಸುತ್ತುತ್ತಲೇ ಇದ್ದವು.